‘ಕನೆಕ್ಟಿವಿಟಿ’ಗೆ ‘ಸಂಪರ್ಕ’ ಸಾಕೇ?

ಗೆಳೆಯರೇ,

ಅರಿವಳಿಕೆ ಕೊಟ್ಟಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಒಂದು ಲೇಖನ ಬರೆಯುತ್ತಿದ್ದೇನೆ. ‘ಫಂಕ್ಷನಲ್ ಕನೆಕ್ಟಿವಿಟಿ’ ಎಂಬಲ್ಲಿ, ಅಂದರೆ ಮಿದುಳಿನ ಭಾಗಗಳು ಒಂದರೊಡನೊಂದು ಹೊಂದಿಕೊಂಡು ಕೆಲಸ ಮಾಡುವುದನ್ನು ಹೇಳುವಲ್ಲಿ, ಪೆನ್ನು ನಿಂತಿದೆ.

ಮೊದಲು ‘ಮಿದುಳಿನ ಭಾಗಗಳ ನಡುವೆ ಸಂಪರ್ಕ ಕಡಿದುಹೋಗುತ್ತದೆ’ ಎಂದು ಬರೆದೆ. ಓದಿದರೆ ತಂತಿ ತುಂಡಾದ ಹಾಗೆ ಅನಿಸುತ್ತದೆ, ಅಲ್ವಾ? ಅಲ್ಲಿ ಒಂದು ಎಳೆಯೂ ತುಂಡಾಗುವುದಿಲ್ಲ. ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟಾಗ ನರಕೋಶಗಳು ಸ್ವಲ್ಪ ಮಿಡಿದು ಸುಮ್ಮನಾಗುತ್ತವೆ, ಮತ್ತೆ ಮಿಡಿಯುತ್ತವೆ. ಈ ಅಲೆ ತುಂಬ ನಿಧಾನ, ಸೆಕೆಂಡಿಗೆ ಒಂದು ಸಲವೂ ಏಳುವುದಿಲ್ಲ. ಒಂದು ಭಾಗ ಮಿಡಿಯುವ ಹೊತ್ತಿಗೆ ದೂರದ ಇನ್ನೊಂದು ಭಾಗ ಸುಮ್ಮನಿರಬಹುದು. ದಾರಿ ಹಾಗೇ ಇದೆ, ಹೋಗಿಬರುವುದು ನಿಂತಿದೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ತಲೆಯ ಹೊರಗಿನಿಂದ ಮಿದುಳಿನ ಒಂದು ಜಾಗಕ್ಕೆ ಕಾಂತದ ಮಿಡಿತ ಕೊಡುತ್ತಾರೆ. ಎಚ್ಚರವಿದ್ದಾಗ ಅದರ ಪರಿಣಾಮ ಅಲ್ಲಿಂದಿಲ್ಲಿಗೆ ಹಾಯುತ್ತಾ ದೂರದವರೆಗೆ ಹರಡುತ್ತದೆ. ಪ್ರೊಪೊಫಾಲ್ ಕೊಟ್ಟಾಗ ಹುಟ್ಟಿದಲ್ಲೇ ಅಡಗುತ್ತದೆ.

ಹಾಗಾಗಿ ನರಗಳ ಕಟ್ಟಡಕ್ಕೆ ‘ಕೊಂಡಿ’, ಅವುಗಳ ಮೂಲಕ ನಡೆಯುವ ಕೊಡುಕೊಳ್ಳುವಿಕೆಗೆ ‘ಒಡನಾಟ’ ಎಂದು ಇಟ್ಟುಕೊಂಡಿದ್ದೇನೆ. ‘ಕೊಂಡಿ ಉಳಿಯುತ್ತದೆ, ಒಡನಾಟ ನಿಲ್ಲುತ್ತದೆ.’ ನನಗೆ ಇದು ಹಿಡಿಸಿದೆ. ಆದರೆ ‘ಒಡನಾಟ’ ಎಂದರೆ ಮನುಷ್ಯರ ಸ್ನೇಹವೇ ಜಾಸ್ತಿ ನೆನಪಾಗುತ್ತದೆಯೇ? ‘ಕ್ರಿಯಾತ್ಮಕ ಸಂಪರ್ಕ’ ಅಂತೂ ಬೇಡ, ಅದರಿಂದ ಯಾರಿಗೂ ಏನೂ ಕಾಣುವುದಿಲ್ಲ.

ಇನ್ನೊಂದು ತೊಡಕು ‘ಅರಿವಳಿಕೆ’ಯದೇ. ಒಳ್ಳೆಯ ಪದ, ಬಳಕೆಯಲ್ಲಿ ನೆಲೆಯೂರಿದೆ, ಬಿಡುವ ಮಾತಿಲ್ಲ. ಆದರೆ ಅಳಿಯುವುದು ಯಾವುದು? ಹಲ್ಲು ಕೀಳುವಾಗ ಒಸಡು ಮರಗಟ್ಟುತ್ತದೆ, ಅರಿವು ಪೂರ್ತಿ ಇರುತ್ತದೆ. ಕೆಟಮಿನ್ ಎಂಬ ಇನ್ನೊಂದು ಅರಿವಳಿಕೆ ಮದ್ದು ಕೊಟ್ಟವರು ಕೂಗಿದರೂ ಏಳುವುದಿಲ್ಲ, ಆಮೇಲೆ ಮಾತ್ರ ಎದ್ದುಕಾಣುವ ಕನಸುಗಳನ್ನು ಹೇಳುತ್ತಾರೆ. ಅವರಲ್ಲಿ ಆ ಕಾಂತದ ಮಿಡಿತವೂ ದೂರ ಹರಡುತ್ತದೆ. ಎಚ್ಚರ ಇರಲಿಲ್ಲ, ಅರಿವು ಇತ್ತು ಎನ್ನಬೇಕು. ಆದ್ದರಿಂದ ‘ಎಚ್ಚರ’, ‘ಅರಿವು’ ಎರಡನ್ನೂ ಬೇರೆಬೇರೆಯಾಗಿಯೇ ಬಳಸುತ್ತಿದ್ದೇನೆ.

ನಿಜವಾಗಿ ಸೋತಿರುವುದು ಇಲ್ಲಿ. ಅರಿವಳಿಕೆಯಲ್ಲಿರುವವರಿಗೆ ಸ್ನಾಯುಗಳನ್ನು ಸಡಿಲಿಸುವ ಮದ್ದು ಕೊಡುವ ಮುಂಚೆ ಒಂದು ತೋಳಿಗೆ ಪಟ್ಟಿ ಬಿಗಿಯುತ್ತಾರೆ. ಮದ್ದು ಆ ಕೈಗೆ ಇಳಿಯುವುದಿಲ್ಲ, ಹಾಗಾಗಿ ಅದನ್ನು ಆಡಿಸಬಹುದು. ಆಮೇಲೆ ‘ಕೇಳಿಸುತ್ತಿದ್ದರೆ ನನ್ನ ಕೈ ಅದುಮಿ’ ಎನ್ನುತ್ತಾರೆ. ಕೆಲವರು ಅದುಮುತ್ತಾರೆ. ಎದ್ದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಅದರ ನೆನಪೇ ಇರುವುದಿಲ್ಲ. ಇವರಿಗೆ ‘ಪ್ರಜ್ಞೆ ತಪ್ಪಿತ್ತು’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಕೇಳಿ, ತಿಳಿದು, ಕೈ ಅದುಮಿ, ಮರೆತ ಆ ಸ್ಥಿತಿಗೆ ನೀವಾದರೆ ಯಾವ ಪದ ಬಳಸುತ್ತೀರಿ?