ನೈರೋಬಿಯಲ್ಲಿ ವಿಶ್ವಸಂಸ್ಥೆ ಕಟ್ಟಡ ನೋಡ್ಕೊಳ್ಳೋ ಕೆಲಸ. ಔಟರ್ ರಿಂಗ್ ರೋಡ್ ಬಿಟ್ಟು ಹೋಗ್ಲಾ? ಅನುಭವ ಇದ್ದೋರು ಹೇಳಿ

ಬೆಳ್ಳಂದೂರಿನವ:
ಎಲ್ಲರಿಗೂ ನಮಸ್ಕಾರ. ವಯಸ್ಸು 39, ಬಿಇ ಎಲೆಕ್ಟ್ರಿಕಲ್, 14 ವರ್ಷದಿಂದ ಫೆಸಿಲಿಟಿ ಲೈನಲ್ಲೇ ಇದ್ದೀನಿ. ಈಗ ಒಂದು ಟೆಕ್ ಪಾರ್ಕಲ್ಲಿ ಮೂರು ಟವರ್ ನನ್ನ ತಲೆ ಮೇಲಿದೆ. ನೈರೋಬಿಯ ಗಿಗಿರಿಯಲ್ಲಿರೋ ವಿಶ್ವಸಂಸ್ಥೆ ಆವರಣಕ್ಕೆ ಅರ್ಜಿ ಹಾಕಿದ್ದೆ, ಆಗಿದೆ. ಪಿ-3 ದರ್ಜೆ (ವಿಶ್ವಸಂಸ್ಥೆಯಲ್ಲಿ ಮಧ್ಯಮ ಹಂತದ ಅಧಿಕಾರಿ ಹುದ್ದೆ), ಒಂದು ವರ್ಷದ ಕಾಂಟ್ರಾಕ್ಟ್, ಮುಂದುವರಿಸಬಹುದು ಅಂದಿದ್ದಾರೆ. ಅಲ್ಲಿ 2011ರಲ್ಲಿ ಶುರುವಾದ ಕಚೇರಿ ಕಟ್ಟಡ ಇದೆ, 1,200 ಜನ ಕೂರೋಂಥದ್ದು, ಚಾವಣಿ ತುಂಬ ಸೋಲಾರ್. ಅದನ್ನ ನೋಡಿಯೇ ಆಸೆ ಆಗಿದ್ದು. ಹೆಂಡತಿಗೆ ರಾಜಾಜಿನಗರದಲ್ಲಿ ಬ್ಯಾಂಕ್ ಕೆಲಸ, ಮಗಳು ಎಂಟನೇ ಕ್ಲಾಸು, ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಶುಕ್ರವಾರದೊಳಗೆ ಹೂಂ ಅಥವಾ ಇಲ್ಲ ಅನ್ನಬೇಕು. ವಯಸ್ಸಾದೋರನ್ನ ಇಲ್ಲಿ ಬಿಟ್ಟು ಹೋದೋರು ಹೇಗೆ ಸಂಭಾಳಿಸಿದ್ರಿ, ದಯವಿಟ್ಟು ಹೇಳಿ.

ಜಿನೀವಾ ವಾಪಸ್:
ತಮ್ಮಾ, ಹೋಗು ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ನನ್ನ ಪಾಡು ಕೇಳು. ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ, ಹೆಸರು ಬೇಡ. ಅದರ ಕಟ್ಟಡಗಳನ್ನ 4 ವರ್ಷ 7 ತಿಂಗಳು ನೋಡಿಕೊಂಡೆ. ಪಿಂಚಣಿ ಲೆಕ್ಕ ಗೊತ್ತೇ ಇರುತ್ತೆ: ನಮ್ಮ ಕಡೆಯಿಂದ 7.9%, ಅವರ ಕಡೆಯಿಂದ 15.8%. ಐದು ವರ್ಷ ತುಂಬಿದ್ರೆ ಪಿಂಚಣಿ. ತುಂಬಲಿಲ್ವಾ, ನಾವು ಕಟ್ಟಿದ್ದು ಬಡ್ಡಿ ಸಮೇತ ಕೈಗೆ, ಅವರು ಕಟ್ಟಿದ್ದು ಗೋವಿಂದ. ನನಗೆ ಕಮ್ಮಿ ಬಿದ್ದಿದ್ದು ಐದು ತಿಂಗಳು. ಹಣಕಾಸಿನ ಮುಗ್ಗಟ್ಟು, ನಿಮ್ಮ ಹುದ್ದೆ ಮುಂದುವರಿಯುವುದಿಲ್ಲ ಅಂತ ಒಂದೇ ಒಂದು ಹಾಳೆ ಪತ್ರ. ಐದು ತಿಂಗಳು ಸಂಬಳ ಇಲ್ಲದೆ ಬೇಕಾದ್ರೂ ದುಡೀತೀನಿ ಅಂದೆ. ನಗುನಗುತ್ತಾನೇ ಆಗಲ್ಲ ಅಂದ್ರು.

ಖರ್ಚು ಬರೆದಿಟ್ಟ ಡೈರಿ ಇನ್ನೂ ಇದೆ. ಎರಡು ರೂಮಿನ ಮನೆಗೆ ತಿಂಗಳಿಗೆ 2,350 ಫ್ರಾಂಕ್. ಮೂರು ತಿಂಗಳ ಅಡ್ವಾನ್ಸ್ 7,050. ಹಿಂದಿನ ಬಾಡಿಗೆದಾರ ಬಿಟ್ಟುಹೋದ ಹಳೇ ಸೋಫಾಕ್ಕೆ 400, ಬೇಡ ಬೇಡ ಅಂದ್ರೂ ಕಟ್ಟಿದ್ರು. ಮನೆ ಬಿಡೋವಾಗ ಗೋಡೇಲಿ ಏಳು ಮೊಳೆ ತೂತಿಗೆ 280 ಹಿಡಕೊಂಡ್ರು. ಒಂದು ತೂತಿಗೆ 40! ಬಟ್ಟೆ ಒಗೆಯೋ ಮೆಷಿನ್ ಇಡೀ ಬಿಲ್ಡಿಂಗಿಗೆ ನೆಲಮಾಳಿಗೇಲಿ ಒಂದೇ, ನಮ್ಮ ಸರದಿ ಎರಡು ವಾರಕ್ಕೊಂದು ಮಂಗಳವಾರ. ಹಗಲೆಲ್ಲ ನಾನೂರು ಬಾತ್‌ರೂಮಿನ ಕಟ್ಟಡ ನೋಡಿಕೊಳ್ಳೋ ಮನುಷ್ಯ ಬನಿಯನ್ ಒಗೆಯೋಕೆ ಮಂಗಳವಾರ ಕಾಯಬೇಕಿತ್ತು.

ಕೆಲಸ ಮಾತ್ರ ಚಿನ್ನ. ಅಲ್ಲಿ ಸುಮಾರು ಸಂಸ್ಥೆಗಳ ಕಟ್ಟಡ ತಂಪಾಗೋದು ಸರೋವರದ ಆಳದ ನೀರಿಂದ. ಕಂಪ್ರೆಸರ್ ಗಲಾಟೆ ಇಲ್ಲದ ಪ್ಲಾಂಟ್ ರೂಮನ್ನ ನಾನು ಜೀವನದಲ್ಲೇ ನೋಡಿರಲಿಲ್ಲ. ಆದ್ರೆ ದುಡ್ಡಿನ ಕಥೆ ಬೇರೆ. ಪಲೈ ದೆ ನಾಸಿಯೋಂ, ಅಂದ್ರೆ ಜಿನೀವಾದ ವಿಶ್ವಸಂಸ್ಥೆ ಕಚೇರಿ, ಅದರ ನವೀಕರಣಕ್ಕೆ 83.65 ಕೋಟಿ ಫ್ರಾಂಕಿನ ಯೋಜನೆ ಇತ್ತು. ಅದೇ ಕಟ್ಟಡಕ್ಕೆ 2023ರ ಡಿಸೆಂಬರ್ ಕೊನೇಲಿ ಹೀಟಿಂಗ್ ಖರ್ಚು ಉಳಿಸೋಕೆ ಮೂರು ವಾರ ಬೀಗ ಹಾಕಿದ್ರು. ಕಟ್ಟೋ ದುಡ್ಡು ಬೇರೆ, ನಡೆಸೋ ದುಡ್ಡು ಬೇರೆ. ದೇಶಗಳು ವಂತಿಗೆ ಕೊಡೋದು ತಡ ಮಾಡಿದ್ರೆ ಮೊದಲು ಕತ್ತರಿ ಬೀಳೋದು ನಮ್ಮ ಡಿಪಾರ್ಟ್‌ಮೆಂಟಿಗೆ.

ಬೇಸ್‌ಮೆಂಟ್ 2:
ಗುರುಗಳೇ, ಬಾಡಿಗೆ ಮನೆ ಮೊಳೆ ತೂತಿಗೆ ಇಷ್ಟು ಅಳ್ತೀರಲ್ಲ. ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿದ 2022ರ ಸೆಪ್ಟೆಂಬರ್ 4ರ ರಾತ್ರಿ ನಾನೆಲ್ಲಿದ್ದೆ ಕೇಳಿ. ಬೆಳಗಿನ ಜಾವ ಮೂರೂವರೆಗೆ ಸೆಕ್ಯೂರಿಟಿ ಫೋನು, "ಸಾರ್, ರ‍್ಯಾಂಪಲ್ಲಿ ನೀರು ಇಳೀತೈತೆ." ಮಾರತಹಳ್ಳಿ ತನಕ ಬೈಕು, ಅಲ್ಲಿಂದ ಟ್ರ್ಯಾಕ್ಟರು. ಸಂಪ್ ಪಂಪ್ ನಾಲ್ಕಿದ್ವು, ಓಡ್ತಿದ್ದಿದ್ದು ಎರಡು. ನೀರು ಮೊಣಕಾಲಿಗೆ ಬರೋ ಮುಂಚೆ ಹೊರಗಿಂದ ಎಚ್‌ಟಿ, ಅಂದ್ರೆ ಹೈ ವೋಲ್ಟೇಜ್ ಕರೆಂಟ್, ಕಟ್ ಮಾಡಿಸಿದೆ. ಇಲ್ಲಾಂದ್ರೆ ಒಳಗಿದ್ದ ಇಬ್ಬರು ಟೆಕ್ನಿಷಿಯನ್‌ಗಳು ಇವತ್ತು ಇರ್ತಿರಲಿಲ್ಲ.

ಡೀಸೆಲ್ ಪಂಪ್ ಆರು ತರಿಸಿದೆ. ಒಂದಕ್ಕೆ ದಿನಕ್ಕೆ 9,500, ಹನ್ನೊಂದು ದಿನ. 6,27,000 ಬರೀ ನೀರು ಎತ್ತೋಕೆ, ಡೀಸೆಲ್ ಬಿಟ್ಟು. ಯುಪಿಎಸ್ ಬ್ಯಾಟರಿ 160, ಎಲ್ಲ ಗುಜರಿಗೆ. ಪೀಣ್ಯಕ್ಕೆ ಹದಿನಾಲ್ಕು ಮೋಟಾರ್ ಕಳಿಸಿ ರಿವೈಂಡ್ (ಒಳಗಿನ ತಂತಿ ಹೊಸದಾಗಿ ಸುತ್ತೋದು) ಮಾಡಿಸಿದೆ. ಎಲ್‌ಟಿ ಪ್ಯಾನೆಲ್ (ಕಟ್ಟಡಕ್ಕೆಲ್ಲ ಕರೆಂಟ್ ಹಂಚೋ ಪೆಟ್ಟಿಗೆ) ಬಿಚ್ಚಿ, ತೊಳೆದು, ಹ್ಯಾಲೊಜನ್ ಲೈಟ್ ಹಾಕಿ ಮೂರು ದಿನ ಒಣಗಿಸಿ ಇನ್ಸುಲೇಶನ್ ಸರಿ ಇದ್ಯಾ ನೋಡೋ ಮೆಗ್ಗರ್ ಮೀಟರ್ ಹಿಡಿದ್ರೆ ಮುಳ್ಳು ಮೇಲೆ ಏಳೋದೇ ಇಲ್ಲ. ಇನ್ಶೂರೆನ್ಸಿಗೆ 31 ಲಕ್ಷ ಕ್ಲೇಮ್ ಹಾಕಿದ್ರೆ ಸರ್ವೇಯರ್ ಸವಕಳಿ, ನಿರ್ವಹಣೆ ಲೋಪ ಅಂತ ಕತ್ತರಿಸಿ 17 ಲಕ್ಷದ 40 ಸಾವಿರ ಕೊಡಿಸಿದ, ಅದೂ ಏಳು ತಿಂಗಳಾದ ಮೇಲೆ.

ಆಮೇಲೆ ನಾನೇ ಹಟ ಹಿಡಿದು ಹೊಸ ಪ್ಯಾನೆಲ್ಲನ್ನ ಗ್ರೌಂಡ್ ಫ್ಲೋರಿಗೆ ಏರಿಸಿದೆ. ಮೂರು ಕಾರ್ ಪಾರ್ಕಿಂಗ್ ಹೋಯ್ತು, ಲೀಸಿಂಗ್‌ನೋರು ಇವತ್ತಿಗೂ ಮಾತಾಡಿಸಲ್ಲ. ಇಲ್ಲೇ ಇದ್ದು ಇದನ್ನ ಮಾಡಿದ್ದೀನಿ. ವಿದೇಶ ವಿದೇಶ ಅಂತ ಓಡೋರಿಗೆ ಇದರ ಬೆಲೆ ಗೊತ್ತಾಗಲ್ಲ.

ಜಿನೀವಾ ವಾಪಸ್:
ರಾಜಕಾಲುವೆ ಪಕ್ಕದ ಬೇಸ್‌ಮೆಂಟಲ್ಲಿ ಪ್ಯಾನೆಲ್ ಇಟ್ಟುಕೊಂಡು ಕೂತು, ಮುಳುಗಿದ ಮೇಲೆ ಶೌರ್ಯ ಹೇಳೋದು ನಮ್ಮೂರಲ್ಲಿ ಮಾತ್ರ. ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಏನೇನು ಅಪಾಯ ಬರಬಹುದು ಅಂತ ಮೊದಲೇ ಬರೆದಿಡೋ ರಿಸ್ಕ್ ರಿಜಿಸ್ಟರ್ ಅಂತ ಇರುತ್ತೆ.

ಬೇಸ್‌ಮೆಂಟ್ 2:
ನಾನಾ ಇಟ್ಟಿದ್ದು? ಬಿಲ್ಡರ್ ಇಟ್ಟು ಹೋಗಿದ್ದು. ನಿಮ್ಮ ವಿಶ್ವಸಂಸ್ಥೆಯ ನ್ಯೂಯಾರ್ಕ್ ಮುಖ್ಯ ಕಚೇರಿ ಎಲ್ಲಿದೆ? ಈಸ್ಟ್ ರಿವರ್ ದಂಡೆ ಮೇಲೆ. 2012ರ ಅಕ್ಟೋಬರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನೆಲಮಾಳಿಗೆಗೆ ನೀರು ನುಗ್ಗಿ ಕಟ್ಟಡ ತಂಪು ಮಾಡೋ ಚಿಲ್ಲರ್‌ಗಳೇ ಹಾಳಾದ್ವು. ಅದೂ ಇಡೀ ಆವರಣದ ನವೀಕರಣ ನಡೀತಿರೋವಾಗ್ಲೇ. ಆ ರಿಸ್ಕ್ ರಿಜಿಸ್ಟರ್ ಎಲ್ಲಿಟ್ಟಿದ್ರು, ಅದೂ ಬೇಸ್‌ಮೆಂಟಲ್ಲೇನಾ?

ಮಾಪ್ ಮೇಡಂ:
ಗಂಡಸರೆಲ್ಲ ಸೇರಿದ್ರೆ ಚಿಲ್ಲರ್, ಪ್ಯಾನೆಲ್ ಬಿಟ್ಟು ಬೇರೆ ಮಾತೇ ಇಲ್ಲ. ಕಟ್ಟಡ ನಡೆಸೋದು ಬೆಳಿಗ್ಗೆ ಐದೂವರೆಗೆ ಬರೋ ನನ್ನ 62 ಹೆಣ್ಣುಮಕ್ಕಳು. ಒಂದು ದೊಡ್ಡ ವಿದೇಶಿ ಸಂಸ್ಥೆಯ ಬೆಂಗಳೂರು ಕಚೇರಿ ನೋಡ್ಕೊಳ್ತಿದ್ದೆ. 2024ರ ಮಾರ್ಚಲ್ಲಿ ಬೋರ್ ಎರಡೂ ಬತ್ತಿದ್ವು. ಕುಡಿಯೋ ನೀರಲ್ಲಿ ಗಿಡ ನೆನೆಸಿದ್ರೆ, ಕಾರ್ ತೊಳೆದ್ರೆ 5,000 ದಂಡ ಅಂತ ಆದೇಶ ಬಂತು. ನಲ್ಲಿಗಳಿಗೆಲ್ಲ ನೀರು ಮಿತವಾಗಿ ಬಿಡೋ ಏರೇಟರ್ ಹಾಕಬೇಕು ಅಂದ್ರು. ಎಲ್ಲ ಮಹಡಿ ಸೇರಿ 418 ನಲ್ಲಿ, ನಾನೇ ಎಣಿಸಿದ್ದು. ಚಿಕ್ಕಪೇಟೆ ಸುತ್ತಮುತ್ತ ಅಂಗಡಿಗಳಲ್ಲಿ ಸ್ಟಾಕೇ ಇರಲಿಲ್ಲ.

ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತ್ತು, ಐದು ಕಿಲೋಮೀಟರೊಳಗೆ 12,000 ಲೀಟರಿಗೆ 1,000 ರೂಪಾಯಿ. ಆ ರೇಟಿಗೆ ಬಾರಪ್ಪ ಅಂದ್ರೆ ಡ್ರೈವರ್ ಫೋನೇ ಎತ್ತಲ್ಲ. 2,400 ಕೊಟ್ಟೆ, ದಿನಕ್ಕೆ ಐದು ಟ್ಯಾಂಕರು. ಬಿಲ್ ಕೇಳಿದ್ರೆ ಸಿಗರೇಟ್ ಪ್ಯಾಕಿನ ಹಿಂದೆ ಬರಕೊಟ್ಟ. ಯುರೋಪಿನ ಹೆಡ್ ಆಫೀಸಿಂದ ಪ್ರೊಕ್ಯೂರ್‌ಮೆಂಟಿನವಳ ಮೇಲ್: ಮೂರು ಕೊಟೇಶನ್ ಎಲ್ಲಿ? ಅಮ್ಮಾ ತಾಯಿ, ಇಲ್ಲಿ ಟ್ಯಾಂಕರಿನವನು ನಮ್ಮನ್ನ ಆರಿಸ್ಕೊಳ್ತಾನೆ, ನಾವು ಅವನನ್ನಲ್ಲ ಅಂತ ಬರೆದೆ. ಅರ್ಥ ಆಗ್ಲಿಲ್ಲ. ಆಡಿಟ್‌ನಲ್ಲಿ ನನ್ನ ಹೆಸರಿಗೆ ಕೆಂಪು ಗೆರೆ ಬಿತ್ತು.

ಇದರ ಮಧ್ಯೆ ಹೌಸ್‌ಕೀಪಿಂಗ್ ಕಾಂಟ್ರಾಕ್ಟರ್ ಎರಡು ತಿಂಗಳ ಪಿಎಫ್ ಕಟ್ಟದೆ ನಾಪತ್ತೆ. ಪ್ರಿನ್ಸಿಪಲ್ ಎಂಪ್ಲಾಯರ್, ಅಂದ್ರೆ ಕೆಲಸ ಮಾಡಿಸ್ಕೊಳ್ಳೋ ನಮ್ಮ ಸಂಸ್ಥೆ ತಲೆಗೆ ಬರುತ್ತೆ, ಮೊದಲೇ ಚಲನ್ ನೋಡಿ ಬಿಲ್ ಪಾಸ್ ಮಾಡೋಣ ಅಂತ ಆರು ತಿಂಗಳಿಂದ ಬಡ್ಕೊಂಡಿದ್ದೆ. ಕೇಳಿದೋರಿಲ್ಲ. ಹೆಂಗಸರು ಅಳ್ತಾ ಬಂದಿದ್ದು ನನ್ನ ಕ್ಯಾಬಿನ್ನಿಗೆ. ರಾಜೀನಾಮೆ ಕೊಟ್ಟೆ. ಪಶ್ಚಾತ್ತಾಪ ಇಲ್ಲ, ಮನೆ ಲೋನ್ ಮಾತ್ರ ಇದೆ.

ಪೀಣ್ಯ ವೈಂಡಿಂಗ್:
ಎಲ್ಲ ಫೆಸಿಲಿಟಿ ಮ್ಯಾನೇಜರ್‌ಗಳೂ ಇಲ್ಲಿ ಸಂತರೇ. ಮುಳುಗಿದಾಗ ರಾತ್ರಿ ಎರಡು ಗಂಟೆಗೆ "ಅಣ್ಣಾ ಅಣ್ಣಾ", ಬಿಲ್ ಕಳಿಸಿದ ಮೇಲೆ "ಪಿಒ (ಖರೀದಿ ಆದೇಶ) ನಂಬರ್ ತಪ್ಪಿದೆ, ಮುಂದಿನ ಸೈಕಲ್ ನೋಡೋಣ." ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ. 2024ರ ಏಪ್ರಿಲಿಂದ ಲೇಟ್ ಮಾಡಿದೋರಿಗೆ ಆ ವರ್ಷ ತೆರಿಗೇಲಿ ಆ ಖರ್ಚು ತೋರಿಸೋಕೂ ಆಗಲ್ಲ. ಅದಾದ್ಮೇಲೆ ಏನು ಮಾಡಿದ್ರು ಗೊತ್ತಾ? ನಿಮ್ಮ ಉದ್ಯಮ ನೋಂದಣಿ ವಾಪಸ್ ತಗೊಳ್ಳಿ, ಆಮೇಲೆ ಆರ್ಡರ್ ಕೊಡ್ತೀವಿ ಅಂದ ಒಬ್ಬ. ಟೈ ಕಟ್ಟಿದ ವಾಚ್‌ಮನ್‌ಗಳು.

ಬೇಸ್‌ಮೆಂಟ್ 2:
ಬಾಯಿಗೆ ಬಂದಂಗೆ ಮಾತಾಡ್ಬೇಡಿ. ನಾನು ಪೀಣ್ಯದೋರಿಗೆ 40 ದಿನಕ್ಕೆ ಸೆಟ್ಲ್ ಮಾಡಿದ್ದೀನಿ. ಆ ಹದಿನಾಲ್ಕು ಮೋಟಾರಲ್ಲಿ ಮೂರು ವಾರದೊಳಗೆ ಮತ್ತೆ ಸುಟ್ಟಿದ್ದೆಷ್ಟು ಕೇಳಿ. ಐದು! ವಾರ್ನಿಶ್ ಒಣಗೋ ಮುಂಚೆ ಪ್ಯಾಕ್ ಮಾಡಿ ಕಳಿಸಿದ್ರು.

ಮಾಪ್ ಮೇಡಂ:
ವಾಚ್‌ಮನ್ ಅನ್ನೋದು ಬೈಗುಳನಾ? ನಮ್ಮಪ್ಪ 22 ವರ್ಷ ವಾಚ್‌ಮನ್ ಆಗಿದ್ರು.

ಪೀಣ್ಯ ವೈಂಡಿಂಗ್:
ಮೇಡಂ, ತಪ್ಪು ತಿಳ್ಕೋಬೇಡಿ, ನಿಮಗಲ್ಲ ಹೇಳಿದ್ದು. ಆ ಬೇಸ್‌ಮೆಂಟ್ ಸಾಹೇಬ್ರೇ, ಕೆಸರು ತುಂಬಿದ ಮೋಟಾರನ್ನ ಬೇರಿಂಗ್ ಬದಲಾಯಿಸದೆ ಓಡಿಸಿದ್ರೆ ವೈಂಡಿಂಗ್ ಸುಡದೆ ಹೂ ಬಿಡುತ್ತಾ?

ಬೆಳ್ಳಂದೂರಿನವ:
ಎಲ್ಲರ ಅನುಭವಕ್ಕೂ ಧನ್ಯವಾದ. ಆದ್ರೆ ನಾನು ಕೇಳಿದ್ದು ಅಪ್ಪನ ವಿಷಯ ಮತ್ತೆ ನೈರೋಬಿ. ನಾಳೆ ಶುಕ್ರವಾರ.

ಬೇಸ್‌ಮೆಂಟ್ 2:
ಅಲ್ಲಿ ಪ್ಯಾನೆಲ್ ಯಾವ ಫ್ಲೋರಲ್ಲಿದೆ, ಮೊದಲು ಅದನ್ನ ಕೇಳಿ.

ಜಿನೀವಾ ವಾಪಸ್:
ತಮ್ಮಾ, ಕ್ಷಮಿಸು, ಕೇಳಿದ್ದು ಬಿಟ್ಟು ಏನೇನೋ ಬರೆದೆ. ನಮ್ಮಪ್ಪ ಹೋದಾಗ ನಾನು ದೋಹಾ ಏರ್‌ಪೋರ್ಟಲ್ಲಿ ಮುಂದಿನ ವಿಮಾನಕ್ಕೆ ಕಾಯ್ತಾ ಇದ್ದೆ. ಬನಶಂಕರಿಗೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು, ತಮ್ಮ ಕೊಳ್ಳಿ ಇಟ್ಟಿದ್ದ. ಇದನ್ನ ಇಲ್ಲಿ ಜಾಸ್ತಿ ಬರೆಯೋಕಾಗಲ್ಲ. ಮೆಸೇಜ್ ಮಾಡು, ರಾತ್ರಿ ಮಾತಾಡೋಣ.

ಪೀಣ್ಯ ವೈಂಡಿಂಗ್:
ಐದಲ್ಲ, ಮೂರು. ಬಿಲ್ ಬುಕ್ ನನ್ನ ಹತ್ರ ಇದೆ.