ಅಪ್‌ಡೇಟ್: ಕೊನೆಗೂ ಮೊದಲ ಮಂಗಾ ಶುರು ಮಾಡಿದೆ

ಹೋದ ತಿಂಗಳು ಕೇಳಿದ್ದೆ, ನೆನಪಿರಬಹುದು: 'ಮೌಸ್', 'ಪರ್ಸೆಪೊಲಿಸ್' ತರಹದ ಗ್ರಾಫಿಕ್ ಕಾದಂಬರಿ ಓದಿ ರೂಢಿಯಾದವನಿಗೆ ಮೊದಲ ಮಂಗಾ (ಜಪಾನಿ ಕಾಮಿಕ್ಸ್) ಯಾವುದು ಅಂತ. ನೂರು ಸಂಪುಟ ದಾಟಿದ 'ಒನ್ ಪೀಸ್'ಗೆ ಕೈ ಹಾಕುವ ಧೈರ್ಯ ಇರಲಿಲ್ಲ. ಜಾಸ್ತಿ ಜನ 'ಮಾನ್‌ಸ್ಟರ್' ಅಂದಿರಿ. ಆದರೆ ಅದೂ 18 ಸಂಪುಟ. ಅದೇ ನವೋಕಿ ಉರಸಾವಾ ಅವರ 'ಪ್ಲೂಟೊ' 8ಕ್ಕೇ ಮುಗಿಯುತ್ತದೆ. ಅದನ್ನೇ ತರಿಸಿದೆ.

ದಾವಣಗೆರೆಗೆ ಬರಲು ಒಂಬತ್ತು ದಿನ ಹಿಡಿಯಿತು, ಮೂಲೆ ಬೇರೆ ಮಡಚಿತ್ತು. ಪಾರ್ಸೆಲ್ ಬಿಚ್ಚಿದ್ದು ಬೆಣ್ಣೆ ದೋಸೆ ಹೋಟೆಲಿನಲ್ಲಿ. ಮಂಗಾ ಬಲದಿಂದ ಎಡಕ್ಕೆ ಓದಬೇಕು ಅಂತ ಗೊತ್ತಿತ್ತು, ಆದರೂ ಕಣ್ಣು ಕೇಳಬೇಕಲ್ಲ! ಉತ್ತರ ಮೊದಲು, ಪ್ರಶ್ನೆ ಆಮೇಲೆ. ಎದುರಿಗಿದ್ದ ತಂಗಿ, "ಅಣ್ಣಾ, ಪುಸ್ತಕ ಹಿಂದಿನಿಂದ ಓದ್ತಿದೀಯಾ?" ಅಂದಳು. ಇಪ್ಪತ್ತು ಪುಟ ಆದ ಮೇಲೆ ಸಲೀಸಾಯಿತು. ಒಂದು ಪುಟಕ್ಕೆ ಬೆಣ್ಣೆ ಬೆರಳಿನ ಗುರುತೂ ಬಿತ್ತು.

ಕಥೆ ಒಸಾಮು ತೆಜುಕಾ ಅವರ ಹಳೆಯ ಮಂಗಾ 'ಆಸ್ಟ್ರೋ ಬಾಯ್'ನ ಒಂದು ಭಾಗವನ್ನು ಹೊಸದಾಗಿ ಹೇಳಿದ್ದು. ಹಳೆಯದನ್ನು ಓದಿರದಿದ್ದರೂ ತೊಂದರೆಯಾಗಲಿಲ್ಲ. ನನ್ನನ್ನು ಹಿಡಿದಿದ್ದು ಕಥೆಯ ಪತ್ತೇದಾರಿಕೆ ಅಲ್ಲ, ಯುದ್ಧದಿಂದ ಬಂದ ಒಂದು ರೋಬೋ. ಕುರುಡ ಸಂಗೀತಗಾರನ ಮನೆಯಲ್ಲಿ ಕೆಲಸ, ಪಿಯಾನೋ ಕಲಿಯುವ ಆಸೆ. ಮುದುಕ ಬೈತಾನೆ, ಅದು ಮತ್ತೆ ಬಂದು ಕೂರುತ್ತದೆ. ಮಾತಿಲ್ಲದ ಚಿತ್ರಗಳಲ್ಲೇ ಗಂಟಲು ಕಟ್ಟಿತು. ದೋಸೆ ಆರಿಹೋಗಿತ್ತು.

'ಮಾನ್‌ಸ್ಟರ್' ಅಂದವರಿಗೆ ಕೋಪ ಬೇಡ, ಮುಂದಿನದು ಅದೇ. ಈಗ 'ಪ್ಲೂಟೊ' ಎರಡನೇ ಸಂಪುಟಕ್ಕೆ ಆರ್ಡರ್ ಹಾಕಿದ್ದೇನೆ. ಈ ಸಲ ತಂಗಿಯೇ ಅರ್ಧ ದುಡ್ಡು ಕೊಟ್ಟಳು.