ಮೈನಸ್ 6 ಪವರ್: ‘ಸೋಡಾಬುಡ್ಡಿ’ ಅನ್ನಿಸದ ಹಾಗೆ ಫ್ರೇಮ್ ಆರಿಸೋದು ಹೇಗೆ?

ಮಂಜುಕನ್ನಡಿ:
ವಯಸ್ಸು 21. ಎರಡೂ ಕಣ್ಣಿಗೆ ಮೈನಸ್ 6, ಪಾಪೆಯಿಂದ ಪಾಪೆಗೆ ಅಂತರ, ಅಂದರೆ ಪಿಡಿ, 62 ಮಿ.ಮೀ. ಈಗಿನ ಫ್ರೇಮ್ 54-18, ಅಂದರೆ ಒಂದು ಗಾಜಿನ ಅಗಲ 54, ಎರಡರ ನಡುವೆ ಮೂಗಿನ ಮೇಲಿನ ಸೇತುವೆ 18 ಮಿ.ಮೀ. ಕಣ್ಣು ಪುಟ್ಟದಾಗಿ ಕಾಣುತ್ತೆ, ಪಕ್ಕದಿಂದ ಗಾಜಿನ ದಪ್ಪ ಎದ್ದು ಕಾಣುತ್ತೆ. ಫೋಟೊ, ಇಂಟರ್‌ವ್ಯೂ ಅಂದರೆ ಕನ್ನಡಕ ತೆಗೆದಿಡೋದೇ ಅಭ್ಯಾಸವಾಗಿದೆ. 1.74 ಇಂಡೆಕ್ಸಿನ ಲೆನ್ಸ್ (ಈ ಸಂಖ್ಯೆ ಏರಿದಷ್ಟೂ ಗಾಜು ತೆಳು) ಹಾಕಿಸಿದರೆ ಸರಿಹೋಗುತ್ತಾ?

ಅಂಚುಅಳತೆ:
1.74ಕ್ಕೆ ದುಡ್ಡು ಸುರಿಯೋ ಮೊದಲು ಫ್ರೇಮ್ ಬದಲಿಸಿ. ತಪ್ಪು ನಿಮ್ಮ ಮುಖದ್ದಲ್ಲ, ಅಳತೆಯದ್ದು. 54ಕ್ಕೆ 18 ಸೇರಿದರೆ 72, ನಿಮ್ಮ ಪಿಡಿ 62. ಹಾಗಾಗಿ ಒಂದೊಂದು ಲೆನ್ಸಿನ ಕೇಂದ್ರವನ್ನೂ 5 ಮಿ.ಮೀ. ಮೂಗಿನ ಕಡೆ ಸರಿಸಬೇಕು. ಆಗ ಕೇಂದ್ರದಿಂದ ಕಿವಿ ಕಡೆಯ ಅಂಚಿಗೆ 32 ಮಿ.ಮೀ. 46-18 ಫ್ರೇಮಿನಲ್ಲಿ ಅದು ಬರೀ 24. ಮೈನಸ್ ಲೆನ್ಸ್ ಕೇಂದ್ರದಿಂದ ದೂರ ಹೋದ ಹಾಗೆ ವೇಗವಾಗಿ ದಪ್ಪಗಾಗುತ್ತೆ. ಇಷ್ಟು ಬದಲಾಯಿಸಿದರೆ 1.67ರಲ್ಲೇ ಅಂಚು ಸುಮಾರು 6 ಮಿ.ಮೀ.ನಿಂದ 4ಕ್ಕೆ ಇಳಿಯುತ್ತೆ. ಮೂಲೆ ದುಂಡಗಿರೋ, ದಪ್ಪ ರಿಮ್ಮಿನ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫ್ರೇಮ್ ಉಳಿದದ್ದನ್ನು ಮುಚ್ಚುತ್ತೆ. ರಿಮ್‌ಲೆಸ್ ಬೇಡವೇ ಬೇಡ. ಆಂಟಿ-ರಿಫ್ಲೆಕ್ಷನ್ ಕೋಟಿಂಗ್ ಮಾತ್ರ ಬಿಡಬೇಡಿ: ಹೈ ಇಂಡೆಕ್ಸ್ ಲೆನ್ಸ್ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತೆ, ಅಂಚಿನ ಬಿಳಿ ಉಂಗುರಗಳು ಎದ್ದು ಕಾಣುತ್ತವೆ.

ಮೂಗುದಂಡೆ:
ದಪ್ಪ ಬೇರೆ, ಕಣ್ಣು ಚಿಕ್ಕದಾಗೋದು ಬೇರೆ. ಎರಡನೆಯದಕ್ಕೆ ಇಂಡೆಕ್ಸ್ ಏರಿಸಿ ಪ್ರಯೋಜನವಿಲ್ಲ. ಲೆನ್ಸ್ ಕಣ್ಣಿನಿಂದ 14 ಮಿ.ಮೀ. ದೂರವಿದ್ದರೆ ಮೈನಸ್ 6ಕ್ಕೆ ಕಣ್ಣು ಸುಮಾರು 8% ಕುಗ್ಗಿ ಕಾಣುತ್ತೆ, ಕನ್ನಡಕ ಜಾರಿದರೆ ಇನ್ನೂ ಹೆಚ್ಚು. ನೋಸ್ ಪ್ಯಾಡ್ ಹೊಂದಿಸಿ, ರೆಪ್ಪೆ ತಾಗದಷ್ಟು ಹತ್ತಿರ ಕೂರಿಸಿ. ಅಸಿಟೇಟ್ ಫ್ರೇಮಿನಲ್ಲೂ ಬಗ್ಗಿಸಬಹುದಾದ ಪ್ಯಾಡ್ ಇರೋವು ಸಿಗುತ್ತವೆ. ಅಂಗಡಿಯ ಕನ್ನಡಿ ನಂಬಬೇಡಿ, ಪವರ್ ಇಲ್ಲದ ಡಮ್ಮಿ ಲೆನ್ಸಿನಲ್ಲಿ ನಿಮಗೆ ನಿಮ್ಮ ಮುಖವೇ ಮಸುಕು. ಜೊತೆಯವರ ಕೈಲಿ ಒಂದೂವರೆ ಮೀಟರ್ ದೂರದಿಂದ ವಿಡಿಯೊ ಮಾಡಿಸಿ ನೋಡಿ. ಸೆಲ್ಫಿಯಲ್ಲಿ ಮೂಗು ಇರೋದಕ್ಕಿಂತ ದೊಡ್ಡದಾಗಿ ಬರುತ್ತೆ.

ದೃಷ್ಟಿದೂರ:
ತೆಗೆದಿಡೋದನ್ನು ದಯವಿಟ್ಟು ನಿಲ್ಲಿಸಿ. ಮೈನಸ್ 6ಕ್ಕೆ ಬರಿಗಣ್ಣಿನಲ್ಲಿ ಸ್ಪಷ್ಟವಾಗಿ ಕಾಣೋದು 17 ಸೆಂ.ಮೀ.ವರೆಗೆ ಮಾತ್ರ. ಇಂಟರ್‌ವ್ಯೂನಲ್ಲಿ ಎದುರಿನವರ ಮುಖಭಾವ ತಿಳಿಯಲ್ಲ, ಕಣ್ಣು ಕಿರಿದು ಮಾಡ್ತೀರಿ, ಅದು ಅವರಿಗೆ ಅಳುಕಾಗಿಯೋ ಜಂಬವಾಗಿಯೋ ಕಾಣಬಹುದು. ಅಂಥ ದಿನಕ್ಕೆ ಡೈಲಿ ಡಿಸ್ಪೋಸಬಲ್ ಕಾಂಟ್ಯಾಕ್ಟ್ ಲೆನ್ಸ್ ಇಟ್ಟುಕೊಳ್ಳಿ. ಕನ್ನಡಕದ ಚೀಟಿ ತೋರಿಸಿ ಕೊಳ್ಳಬೇಡಿ, ಅಳತೆ ಬೇರೆ. ಪವರ್ ಕೂಡ ಸಾಮಾನ್ಯವಾಗಿ ಮೈನಸ್ 5.50ರ ಆಸುಪಾಸಿಗೆ ಇಳಿಯುತ್ತೆ. ನಲ್ಲಿ ನೀರು ತಾಗಿಸಬೇಡಿ, ಹಾಕಿಕೊಂಡು ಮಲಗಬೇಡಿ.

ಮಂಜುಕನ್ನಡಿ:
ಮುಖ ಅಗಲ. 46 ಇಕ್ಕಟ್ಟಾಗಲ್ವಾ?

ಅಂಚುಅಳತೆ:
ಹಾಗಿದ್ದರೆ 46-20 ನೋಡಿ, ಮೊತ್ತ 66ಕ್ಕೆ ನಿಲ್ಲುತ್ತೆ, ಪ್ಯಾಡ್ ಒಳಕ್ಕೆ ಬಗ್ಗಿಸಿದರೆ ಮೂಗಿಗೂ ಕೂರುತ್ತೆ. ಕಡ್ಡಿ ಸೇರೋ ಹಿಂಜಿನ ಬಳಿ ಫ್ರೇಮ್ ಹೊರಕ್ಕೆ ಚಾಚಿರೋದನ್ನೇ ಆರಿಸಿ, ಕಡ್ಡಿ ಕಪಾಲಕ್ಕೆ ಒತ್ತಲ್ಲ.